ಕೂಸಿನೊಡನೆ ಹೊರಡುವಾಗ: ಡೈಪರ್ ಬ್ಯಾಗ್ ಆರಿಸುವ ಮತ್ತು ಜೋಡಿಸುವ ಬಗೆ

ಕೂಸು ಅಂಗಾತ ಮಲಗಿ ಕಾಲು ಒದೆಯುತ್ತ ಅಳುತ್ತಿದೆ. ಅದು ಉರುಳದಂತೆ ನಿಮ್ಮ ಒಂದು ಕೈ ಅದರ ಹೊಟ್ಟೆಯ ಮೇಲಿದೆ. ಉಳಿದಿರುವುದು ಒಂದೇ ಕೈ. ಡೈಪರ್ ಬ್ಯಾಗ್ ಕೆಲಸಕ್ಕೆ ಬರಬೇಕಾದದ್ದು ಇಂಥ ಹೊತ್ತಿನಲ್ಲಿ, ಆದ್ದರಿಂದ ಬ್ಯಾಗನ್ನು ಕೊಳ್ಳುವಾಗಲೂ ತುಂಬುವಾಗಲೂ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬೇಕಾದ ವಸ್ತು ಒಂದೇ ಕೈಗೆ, ಕಣ್ಣು ಮಗುವಿನ ಮೇಲಿರುವಾಗಲೇ, ಸಿಗುತ್ತದೆಯೇ? ಎಷ್ಟು ಸಾಮಾನು ಹಿಡಿಸುತ್ತದೆ ಎಂಬುದು ಆಮೇಲಿನ ಮಾತು. ತುಂಬಿ ತುಳುಕುವ ಬ್ಯಾಗಿನ ತಳದಲ್ಲೆಲ್ಲೋ ಇರುವ ವೈಪ್ಸ್, ಅಂದರೆ ಮಗುವನ್ನು ಒರೆಸುವ ಒದ್ದೆ ಹಾಳೆಗಳು, ಮನೆಯಲ್ಲೇ ಉಳಿದ ವೈಪ್ಸಿಗೆ ಸಮ. ಮುಂದಿನ ಹೆಜ್ಜೆಗಳನ್ನೆಲ್ಲ ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ನಿಮ್ಮ ಮಗುವಿನ ದಿನಚರಿಯನ್ನು ಬರೆದುಕೊಳ್ಳಿ

ಬ್ಯಾಗ್ ಹುಡುಕುವ ಮೊದಲು, ಒಂದು ಪೂರ್ತಿ ದಿನ ಮಗುವಿನ ಡೈಪರ್ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆ, ಹಾಲು ಎಷ್ಟು ಹೊತ್ತಿಗೊಮ್ಮೆ ಬೇಕಾಗುತ್ತದೆ, ಉಡುಪು ಎಷ್ಟು ಸಲ ಒದ್ದೆಯಾಗುತ್ತದೆ ಎಂಬುದನ್ನು ಗಂಟೆಯ ಸಮೇತ ಬರೆದುಕೊಳ್ಳಿ. ಹುಟ್ಟಿ ಕೆಲವೇ ವಾರಗಳಾದ ಕೂಸಿಗೆ ದಿನಕ್ಕೆ 8ರಿಂದ 12 ಡೈಪರ್ ಬೇಕಾಗುವುದು ಸಹಜ, ಅಂದರೆ ಸುಮಾರು ಎರಡು ಮೂರು ಗಂಟೆಗೊಂದು. ತಿಂಗಳುಗಳು ಕಳೆದಂತೆ ಈ ಅಂತರ ಹಿಗ್ಗುತ್ತದೆ. ಹಾಲು ಕುಡಿದ ಕೂಡಲೇ ಮಲ ವಿಸರ್ಜಿಸುವ ಮಕ್ಕಳಿದ್ದಾರೆ, ಪ್ರತಿ ಸಲವೂ ಸ್ವಲ್ಪ ಕಕ್ಕುವ ಮಕ್ಕಳಿದ್ದಾರೆ, ಜೊಲ್ಲಿನಿಂದ ಎದೆಯೆಲ್ಲ ಒದ್ದೆ ಮಾಡಿಕೊಳ್ಳುವ ಮಕ್ಕಳಿದ್ದಾರೆ. ಬೇರೆಯವರು ಕೊಟ್ಟ ಸಿದ್ಧ ಪಟ್ಟಿಗಿಂತ ಈ ಒಂದು ದಿನದ ಟಿಪ್ಪಣಿಯೇ ನಿಮಗೆ ಹೆಚ್ಚು ನಂಬಿಕೆಯ ಆಧಾರ.

ಅದರ ಜೊತೆಗೆ, ನೀವು ಸಾಮಾನ್ಯವಾಗಿ ಹೇಗೆ ಹೋಗುತ್ತೀರಿ ಎಂಬುದನ್ನೂ ಯೋಚಿಸಿ. ಮಗುವನ್ನು ಎದೆಗೆ ಕಟ್ಟಿಕೊಂಡು ನಡೆಯುವವರಿಗೆ, ದೂಡುವ ಗಾಡಿಯಲ್ಲಿ ಕರೆದೊಯ್ಯುವವರಿಗೆ, ಕಾರಿನಲ್ಲಿ ಹೋಗುವವರಿಗೆ ಒಂದೇ ಬಗೆಯ ಬ್ಯಾಗ್ ಒಗ್ಗುವುದಿಲ್ಲ.

ಎರಡನೆಯ ಹೆಜ್ಜೆ: ಬ್ಯಾಗ್ ಆರಿಸುವುದು

ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗ್, ಒಂದೇ ಹೆಗಲಿಗೆ ಜೋತುಬೀಳುವ ಬ್ಯಾಗ್, ಕೈಯಲ್ಲಿ ಹಿಡಿಯುವ ಅಗಲ ಬಾಯಿಯ ಚೀಲ ಎಂಬ ಮೂರು ಬಗೆಗಳು ಸಾಮಾನ್ಯವಾಗಿ ಸಿಗುತ್ತವೆ. ನನ್ನ ಆಯ್ಕೆ ಬೆನ್ನಿನ ಬ್ಯಾಗ್. ಮಗುವನ್ನು ಎತ್ತಿಕೊಳ್ಳಲು ಬಾಗಿದಾಗ ಹೆಗಲಿನ ಬ್ಯಾಗ್ ಮುಂದಕ್ಕೆ ಜಾರಿ ಮಗುವಿನ ಮುಖಕ್ಕೆ ತಾಗುತ್ತದೆ, ಬೆನ್ನಿನ ಬ್ಯಾಗ್ ತನ್ನ ಜಾಗ ಬಿಡುವುದಿಲ್ಲ, ಭಾರವೂ ಎರಡೂ ಹೆಗಲಿಗೆ ಸಮನಾಗಿ ಹಂಚಿಹೋಗುತ್ತದೆ. ಹೆರಿಗೆಯ ನಂತರ ಸೊಂಟ ಮತ್ತು ಬೆನ್ನು ಇನ್ನೂ ಚೇತರಿಸಿಕೊಳ್ಳುತ್ತಿರುವ ತಾಯಂದಿರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಬೆನ್ನಿನ ಬ್ಯಾಗನ್ನು ತೆರೆಯಲು ಪ್ರತಿ ಸಲ ಕೆಳಗಿಳಿಸಬೇಕು. ಗಿಲಕಿಯನ್ನೋ ಜೊಲ್ಲುಬಟ್ಟೆಯನ್ನೋ ನಡೆಯುತ್ತಲೇ ತೆಗೆಯಬೇಕೆನ್ನುವವರಿಗೆ ಉದ್ದ ಪಟ್ಟಿಯ, ಅಡ್ಡಲಾಗಿ ಹಾಕಿಕೊಳ್ಳುವ ಬ್ಯಾಗ್ ಹೆಚ್ಚು ಹೊಂದುತ್ತದೆ.

ಬಗೆ ಯಾವುದಾದರೂ, ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಬ್ಯಾಗನ್ನು ನೆಲದ ಮೇಲಿಟ್ಟು, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈ ಒಂದರಿಂದಲೇ ಅದನ್ನು ತೆರೆದು, ಒಳಗಿನ ಜೇಬಿಗೆ ಏನಾದರೂ ಹಾಕಿ, ಮತ್ತೆ ತೆಗೆದು ಮುಚ್ಚಿ. ಆಮೇಲೆ ಅದನ್ನೇ ಎಡಗೈಯಿಂದ ಮಾಡಿ. ಎರಡೂ ತುದಿ ಹಿಡಿದೆಳೆದರೆ ಮಾತ್ರ ಸರಿಯುವ ಬಿಗಿ ಜಿಪ್, ಗಟ್ಟಿ ಒತ್ತಬೇಕಾದ ಬಕಲ್, ತನ್ನಷ್ಟಕ್ಕೆ ಮಗುಚಿ ಬೀಳುವ ಮೆತ್ತನೆಯ ತಳ, ಇವೆಲ್ಲ ಈ ಒಂದು ನಿಮಿಷದಲ್ಲಿ ಬಯಲಾಗುತ್ತವೆ. ವೆಲ್ಕ್ರೋ ಪಟ್ಟಿಯಿದ್ದರೆ ಒಮ್ಮೆ ಬಿಡಿಸಿ ಕೇಳಿ. ಆ ಪರಪರ ಸದ್ದಿಗೆ ಎಚ್ಚರಗೊಳ್ಳುವ ಕೂಸುಗಳು ಬಹಳ.

ನೋಡಬೇಕಾದ ಇತರ ಗುಣಗಳಲ್ಲಿ ನನಗೆ ಮುಖ್ಯವೆನಿಸುವುದು ಬಾಯಿಯ ಅಗಲ. ಬಾಯಿ ತೆರೆದರೆ ತಳದವರೆಗೆ ಎಲ್ಲವೂ ಕಾಣಬೇಕು. ಒಳಗಿನ ಬಟ್ಟೆ ತಿಳಿ ಬಣ್ಣದ್ದಾಗಿದ್ದರೆ ಮಬ್ಬು ಬೆಳಕಿನಲ್ಲೂ ವಸ್ತುಗಳು ಎದ್ದು ಕಾಣುತ್ತವೆ, ಕಪ್ಪು ಒಳಬಟ್ಟೆಯ ಬ್ಯಾಗಿನಲ್ಲಿ ಸಂಜೆಯ ಹೊತ್ತು ತಡಕಾಡುವುದೇ ಗತಿ. ಹೊರಮೈ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಶುಚಿಯಾಗುವಂಥದ್ದೂ ಒಳಬಟ್ಟೆ ತೊಳೆಯಬಹುದಾದದ್ದೂ ಆಗಿರಲಿ, ಏಕೆಂದರೆ ಹಾಲು ಒಂದಲ್ಲ ಒಂದು ದಿನ ಚೆಲ್ಲಿಯೇ ಚೆಲ್ಲುತ್ತದೆ ಮತ್ತು ಒಣಗಿದ ಹಾಲಿನ ಹುಳಿವಾಸನೆ ಸುಲಭವಾಗಿ ಹೋಗುವುದಿಲ್ಲ. ಜೇಬುಗಳು ಆರೇಳಿದ್ದರೆ ಸಾಕು. ಇಪ್ಪತ್ತು ಜೇಬಿನ ಬ್ಯಾಗಿನಲ್ಲಿ ಯಾವುದು ಎಲ್ಲಿದೆ ಎಂದು ನೆನಪಿಡುವುದೇ ಒಂದು ಕೆಲಸವಾಗುತ್ತದೆ. ಖಾಲಿ ಬ್ಯಾಗಿನ ತೂಕವನ್ನೂ ಕೈಯಲ್ಲಿ ಹಿಡಿದು ನೋಡಿ. ಖಾಲಿಯಿದ್ದಾಗಲೇ ಒಂದು ಕಿಲೋ ದಾಟುವ ಬ್ಯಾಗ್, ಹಾಲು, ನೀರು, ಬಟ್ಟೆ ಸೇರಿದ ಮೇಲೆ ಹೊರಲಾರದಷ್ಟಾಗುತ್ತದೆ. ದಿನದ ಓಡಾಟಕ್ಕೆ 15ರಿಂದ 20 ಲೀಟರ್ ಹಿಡಿಸುವ ಬ್ಯಾಗ್ ಧಾರಾಳ.

ದೂಡುವ ಗಾಡಿಯ ಹಿಡಿಕೆಗೆ ಸಿಕ್ಕಿಸಲು ಕೊಕ್ಕೆಗಳಿರುವ ಬ್ಯಾಗುಗಳೂ ಬರುತ್ತವೆ. ಇಲ್ಲೊಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕು. ಹಿಡಿಕೆಗೆ ತೂಗುಹಾಕಿದ ಭಾರ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಮಗುವನ್ನು ಎತ್ತಿಕೊಂಡ ಕ್ಷಣ ಮುಂದಿನ ತೂಕ ಇಲ್ಲವಾಗಿ ಗಾಡಿ ಮಗುಚಬಹುದು, ಹಗುರ ಗಾಡಿಯಾದರೆ ಮಗು ಕುಳಿತಿರುವಾಗಲೂ ಮಗುಚಬಹುದು. ಬ್ಯಾಗಿನ ಜಾಗ ಗಾಡಿಯ ಕೆಳಗಿನ ಬುಟ್ಟಿ.

ಡೈಪರ್ ಬ್ಯಾಗ್ ಎಂಬ ಹೆಸರಿನಲ್ಲೇ ಮಾರುವ ಬ್ಯಾಗ್ ಬೇಕೇ ಬೇಕೆಂದೇನೂ ಇಲ್ಲ. ಮನೆಯಲ್ಲಿರುವ ಅಗಲ ಬಾಯಿಯ ಬೆನ್ನಿನ ಬ್ಯಾಗಿಗೆ ಬೇರೆ ಬೇರೆ ಬಣ್ಣದ ನಾಲ್ಕು ಜಿಪ್ ಚೀಲಗಳನ್ನು ಸೇರಿಸಿದರೆ ಅದೇ ಉತ್ತಮ ಡೈಪರ್ ಬ್ಯಾಗ್. ಒಂದು ರೀತಿಯಲ್ಲಿ ಅದೇ ಮೇಲು, ಏಕೆಂದರೆ ಬ್ಯಾಗ್ ಬದಲಾದರೂ ಚೀಲಗಳನ್ನು ಹಾಗೆಯೇ ಎತ್ತಿ ಇನ್ನೊಂದಕ್ಕೆ ಹಾಕಿಕೊಳ್ಳಬಹುದು.

ಮೂರನೆಯ ಹೆಜ್ಜೆ: ಡೈಪರ್ ಬದಲಿಸುವ ಚೀಲ

ಇಡೀ ಬ್ಯಾಗಿನ ಜೀವ ಇರುವುದು ಈ ಪುಟ್ಟ ಚೀಲದಲ್ಲಿ. ಡೈಪರ್ ಬದಲಿಸಲು ಬೇಕಾದ ಎಲ್ಲವೂ ಒಂದೇ ಚೀಲದಲ್ಲಿರಬೇಕು, ಬದಲಿಸುವ ಜಾಗ ಇಕ್ಕಟ್ಟಾಗಿದ್ದಾಗ ದೊಡ್ಡ ಬ್ಯಾಗನ್ನು ಜೊತೆಯವರ ಬಳಿ ಬಿಟ್ಟು ಇದೊಂದನ್ನೇ ಹಿಡಿದು ಹೋಗುವಂತಿರಬೇಕು.

ಡೈಪರುಗಳ ಲೆಕ್ಕ ಹೀಗೆ ಹಾಕಿಕೊಳ್ಳಿ. ಮೂರು ತಿಂಗಳೊಳಗಿನ ಕೂಸಾದರೆ ಎರಡು ಗಂಟೆಗೊಂದರಂತೆ, ಅದಕ್ಕಿಂತ ದೊಡ್ಡದಾದರೆ ಮೂರು ಗಂಟೆಗೊಂದರಂತೆ ಎಣಿಸಿ, ಅದರ ಮೇಲೆ ಎರಡು ಹೆಚ್ಚು ಸೇರಿಸಿ. ನಾಲ್ಕು ಗಂಟೆಯ ಓಡಾಟಕ್ಕೆ ಎಳೆಗೂಸಿಗೆ ನಾಲ್ಕು ಡೈಪರ್. ಹೆಚ್ಚಿನ ಎರಡು ಏಕೆಂದರೆ, ಹೊಸ ಡೈಪರ್ ಕಟ್ಟಿದ ಮರುಗಳಿಗೆಯೇ ಅದು ಕೊಳೆಯಾಗುವುದುಂಟು, ಅಂಟುಪಟ್ಟಿ ಕಿತ್ತುಬರುವುದುಂಟು, ಮತ್ತು ಹೋದ ಕೆಲಸ ನಾವು ಎಣಿಸಿದ ಹೊತ್ತಿಗೆ ಮುಗಿಯುವುದು ಅಪರೂಪ. ಬಟ್ಟೆಯ ಲಂಗೋಟಿ ಬಳಸುವವರು ಲೆಕ್ಕಕ್ಕೆ ಇನ್ನೂ ಒಂದೆರಡು ಕೂಡಿಸಿಕೊಳ್ಳಲಿ, ಅದು ಹೀರಿಕೊಳ್ಳುವ ಪ್ರಮಾಣ ಕಡಿಮೆ, ಒದ್ದೆಯಾದ ಕೂಡಲೇ ಬದಲಿಸಬೇಕಾಗುತ್ತದೆ.

ವೈಪ್ಸ್ ಸುಗಂಧವಿಲ್ಲದ್ದಾಗಿರಲಿ. ಮುಚ್ಚಳ ಸಡಿಲವಾದ ಪೊಟ್ಟಣದಲ್ಲಿ ಅವು ಒಣಗಿ ಬರಿಯ ಕಾಗದವಾಗುತ್ತವೆ, ಆದ್ದರಿಂದ ಗಟ್ಟಿ ಮುಚ್ಚಳದ ಚಿಕ್ಕ ಪೊಟ್ಟಣವೇ ಪ್ರಯಾಣಕ್ಕೆ ಸರಿ. ಹುಟ್ಟಿದ ಮೊದಲ ವಾರಗಳಲ್ಲಿ ಹತ್ತಿಯನ್ನು ನೀರಿನಲ್ಲಿ ಅದ್ದಿ ಒರೆಸುವವರು ಚಿಕ್ಕ ನೀರಿನ ಬಾಟಲಿಯನ್ನೂ ಹತ್ತಿಯ ಉಂಡೆಗಳನ್ನೂ ಇಟ್ಟುಕೊಳ್ಳಬಹುದು.

ಮಡಚುವ ಚಾಪೆಯ ಒಂದು ಬದಿ ನೀರು ಇಳಿಯದಂಥದ್ದಾಗಿರಬೇಕು, ಉದ್ದ ಮಗುವಿನ ತಲೆಯಿಂದ ಹಿಮ್ಮಡಿಯವರೆಗೆ ಸಾಲುವಂತಿರಬೇಕು. ಇದರ ಒಂದು ಮೂಲೆಗೆ ಬಣ್ಣದ ದಾರದಿಂದ ಗುರುತು ಹೊಲಿದುಕೊಳ್ಳಿ, ಆ ಗುರುತಿನ ಬದಿ ಯಾವಾಗಲೂ ಮಗುವಿನ ಕಡೆಗಿರಲಿ. ಇಲ್ಲದಿದ್ದರೆ ಒಮ್ಮೆ ಸಾರ್ವಜನಿಕ ಶೌಚಾಲಯದ ಕಟ್ಟೆಗೆ ತಾಗಿದ ಬದಿ ಮರುಸಲ ಮಗುವಿನ ಬೆನ್ನಿಗೆ ತಾಗುತ್ತದೆ.

ತೊಡೆಸಂದಿನ ದದ್ದಿಗೆ ಸತುವಿನ ಆಕ್ಸೈಡ್ ಇರುವ ಮುಲಾಮಿನ ಚಿಕ್ಕ ಟ್ಯೂಬ್ ಸಾಕು, ಅದು ಒದ್ದೆಗೂ ಚರ್ಮಕ್ಕೂ ನಡುವೆ ಗೋಡೆಯಂತೆ ನಿಲ್ಲುತ್ತದೆ. ಬಟ್ಟೆಯ ಲಂಗೋಟಿಗೆ ಹಚ್ಚಿದರೆ ಬಟ್ಟೆ ಹೀರುವ ಗುಣ ಕಳೆದುಕೊಳ್ಳುವುದರಿಂದ ನಡುವೆ ತೆಳುಬಟ್ಟೆಯ ಪದರವೊಂದನ್ನು ಹಾಸಬೇಕು. ಪೌಡರ್ ಬೇಡ. ಅದರ ಧೂಳು ಮಗುವಿನ ಉಸಿರಿನೊಳಗೆ ಹೋಗುತ್ತದೆ.

ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಕನಿಷ್ಠ 60 ಶೇಕಡಾ ಆಲ್ಕೋಹಾಲ್ ಇರಬೇಕು. ಆದರೂ ಕಣ್ಣಿಗೆ ಕಾಣುವ ಕೊಳೆಯಿರುವ ಕೈಗೆ ಅದು ಪ್ರಯೋಜನಕ್ಕೆ ಬಾರದು, ಮತ್ತು ಭೇದಿ ಉಂಟುಮಾಡುವ ಕೆಲವು ವೈರಾಣುಗಳ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೆ. ಮಲವಿದ್ದ ಡೈಪರ್ ಬದಲಿಸಿದ ಮೇಲೆ ಸೋಪು ಮತ್ತು ನೀರೇ ಬೇಕು, ಹಾಗಾಗಿ ಚಿಕ್ಕ ಸೋಪಿನ ಹಾಳೆಗಳನ್ನೋ ಪುಟ್ಟ ಶೀಶೆಯ ದ್ರವ ಸೋಪನ್ನೋ ಇಟ್ಟುಕೊಳ್ಳುವುದು ಜಾಣತನ.

ಈಗ ಜೋಡಣೆ. ಬಳಸುವ ಕ್ರಮದಲ್ಲೇ ಇಡಿ: ಮೊದಲು ಕೈಗೆ ಸಿಗಬೇಕಾದ ಚಾಪೆ ಮೇಲೆ, ಅದರ ಕೆಳಗೆ ಬಿಡಿಸಿಟ್ಟ ಹೊಸ ಡೈಪರ್, ಪಕ್ಕದಲ್ಲಿ ವೈಪ್ಸ್, ಆಮೇಲೆ ಮುಲಾಮು, ಕೊನೆಗೆ ಕೊಳೆ ಡೈಪರ್ ಹಾಕುವ ಚೀಲ. ಬದಲಿಸುವಾಗ ಕೊಳೆ ಡೈಪರ್ ಬಿಚ್ಚುವ ಮೊದಲೇ ಹೊಸದನ್ನು ಮಗುವಿನ ಅಡಿಗೆ ಜಾರಿಸಿ, ಎರಡು ಮೂರು ವೈಪ್ಸ್ ಎಳೆದಿಟ್ಟುಕೊಳ್ಳಿ. ಹೆಣ್ಣು ಮಗುವಾದರೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಹಿಂದಿನಿಂದ ಮುಂದಕ್ಕೆ ಒರೆಸಿದರೆ ಮಲದ ಸೂಕ್ಷ್ಮಾಣುಗಳು ಮೂತ್ರನಾಳಕ್ಕೆ ಸೇರುವ ಸಾಧ್ಯತೆಯಿದೆ. ಹೊಕ್ಕುಳ ಬಳ್ಳಿ ಇನ್ನೂ ಉದುರಿರದ ಕೂಸಿಗೆ ಡೈಪರಿನ ಮುಂಭಾಗವನ್ನು ಹೊಕ್ಕುಳಿನ ಕೆಳಕ್ಕೆ ಮಡಚಿ ಕಟ್ಟಿ.

ನಾಲ್ಕನೆಯ ಹೆಜ್ಜೆ: ಕೊಳೆಯಾದದ್ದಕ್ಕೆ ಬೇರೆ ಜಾಗ

ಕಸದ ತೊಟ್ಟಿ ಸಿಗದ ಸ್ಥಳಗಳೇ ಹೆಚ್ಚು ಎಂದು ಭಾವಿಸಿ ಸಿದ್ಧರಾಗಿ. ಬಳಸಿ ಎಸೆಯುವ ಡೈಪರನ್ನು ಒಳಮುಖವಾಗಿ ಸುರುಳಿ ಸುತ್ತಿ, ಅದರ ಅಂಟುಪಟ್ಟಿಯಿಂದಲೇ ಬಿಗಿದು, ಚಿಕ್ಕ ಚೀಲದಲ್ಲಿ ಗಂಟುಕಟ್ಟಿ. ಒದ್ದೆ ಬಟ್ಟೆಗಳಿಗೂ ಲಂಗೋಟಿಗಳಿಗೂ ನೀರು ಸೋರದ, ಜಿಪ್ ಇರುವ ಬಟ್ಟೆಚೀಲ ಬೇಕು, ಅದನ್ನು ಮನೆಗೆ ಬಂದು ಬಟ್ಟೆಯ ಜೊತೆಗೇ ಒಗೆಯಬಹುದು. ಪ್ಲಾಸ್ಟಿಕ್ ಚೀಲಗಳ ಸುರುಳಿ ಮಾತ್ರ ಮಗುವಿನ ಕೈಗೆ ಎಂದಿಗೂ ಸಿಗದಂತಿರಲಿ. ಅದು ಮುಖಕ್ಕೆ ಅಂಟಿಕೊಂಡರೆ ಉಸಿರುಕಟ್ಟುತ್ತದೆ.

ಐದನೆಯ ಹೆಜ್ಜೆ: ಹಾಲು ಮತ್ತು ಆಹಾರ

ನೇರವಾಗಿ ಎದೆಹಾಲು ಕುಡಿಯುವ ಕೂಸಿನ ಬ್ಯಾಗ್ ಎಲ್ಲಕ್ಕಿಂತ ಹಗುರ. ತಾಯಿಗೆ ಹೊದೆಯಬೇಕೆನಿಸಿದರೆ ತೆಳುವಾದೊಂದು ಹೊದಿಕೆ, ಎದೆಯ ಬಳಿ ಇಡುವ ಹೀರುಬಟ್ಟೆ, ತೇಗು ಬರಿಸುವಾಗ ಹೆಗಲಿಗೆ ಹಾಕಿಕೊಳ್ಳುವ ಬಟ್ಟೆ, ಮತ್ತು ತಾಯಿಗೇ ಕುಡಿಯಲು ನೀರು. ಈ ಕೊನೆಯದನ್ನು ಎಷ್ಟೋ ತಾಯಂದಿರು ಮರೆಯುತ್ತಾರೆ. ಹಾಲುಣಿಸಲು ಕುಳಿತ ಕೂಡಲೇ ಬರುವ ಬಾಯಾರಿಕೆಯನ್ನು ಅನುಭವಿಸಿದವರು ಒಮ್ಮೆ ಮರೆತರೆ ಮತ್ತೆ ಮರೆಯಲಾರರು. ಆರು ತಿಂಗಳೊಳಗಿನ ಕೂಸಿಗೆ ಬೇರೆ ನೀರು ಬೇಕಿಲ್ಲ, ಬಿಸಿಲಿನ ದಿನಗಳಲ್ಲೂ ಹಾಲನ್ನೇ ಹೆಚ್ಚು ಸಲ ಕೊಟ್ಟರಾಯಿತು.

ಹಿಂಡಿಟ್ಟ ಎದೆಹಾಲನ್ನು ಒಯ್ಯುವವರು ಗಡಿಯಾರದ ಮೇಲೆ ಕಣ್ಣಿಡಬೇಕು. ಹೊಸದಾಗಿ ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್ ವರೆಗಿನ ಕೋಣೆಯ ಶಾಖದಲ್ಲಿ 4 ಗಂಟೆ ಉಳಿಯುತ್ತದೆ. ಶಾಖ ಅದಕ್ಕಿಂತ ಹೆಚ್ಚಿದ್ದರೆ ಅಷ್ಟನ್ನೂ ನೆಚ್ಚುವಂತಿಲ್ಲ. ಶಾಖ ತಡೆಯುವ ಚೀಲದಲ್ಲಿ ಹೆಪ್ಪುಗಟ್ಟಿದ ಐಸ್ ಪ್ಯಾಕುಗಳ ನಡುವೆ ಇಟ್ಟರೆ 24 ಗಂಟೆಯವರೆಗೆ ಕೆಡುವುದಿಲ್ಲ. ಮಗು ಒಮ್ಮೆ ಬಾಯಿಟ್ಟು ಬಿಟ್ಟ ಬಾಟಲಿಯ ಹಾಲನ್ನು ಆ ಸಲದ ಕುಡಿತ ಮುಗಿದ 2 ಗಂಟೆಯೊಳಗೆ ಬಳಸಬೇಕು, ಇಲ್ಲವೇ ಚೆಲ್ಲಬೇಕು. ಕಷ್ಟಪಟ್ಟು ಹಿಂಡಿದ ಹಾಲನ್ನು ಚೆಲ್ಲಲು ಮನಸ್ಸು ಬಾರದು, ಆದ್ದರಿಂದ ದೊಡ್ಡ ಬಾಟಲಿ ಒಂದರ ಬದಲು ಚಿಕ್ಕ ಚಿಕ್ಕ ಪ್ರಮಾಣದಲ್ಲಿ ಎರಡು ಮೂರು ಬಾಟಲಿಗಳಲ್ಲಿ ಒಯ್ಯುವುದು ಒಳ್ಳೆಯದು.

ಎದೆಹಾಲಿನ ಬದಲು ನೀರಿನಲ್ಲಿ ಬೆರೆಸಿ ಕೊಡುವ ಫಾರ್ಮುಲಾ ಪುಡಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಕಾಳಜಿ ಅಗತ್ಯ. ಮುಚ್ಚಿದ ಡಬ್ಬಿಯ ಪುಡಿಯೂ ಸಂಪೂರ್ಣ ಕ್ರಿಮಿರಹಿತವಾಗಿರುವುದಿಲ್ಲ. ಅದರಲ್ಲಿ ಅಪರೂಪಕ್ಕೆ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇರಬಹುದು, ಎಳೆಗೂಸುಗಳಿಗೆ ಅದು ಪ್ರಾಣಾಂತಿಕ. ಈ ಕಾರಣಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ, ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲು ಪುಡಿಯನ್ನು ಬೆರೆಸಿ, ಬಳಿಕ ತಣಿಸಿ ಕೊಡಬೇಕೆಂದು ಹೇಳುತ್ತದೆ. ಹೊರಗೆ ಹೋಗುವಾಗ ಇದನ್ನು ಪಾಲಿಸುವ ದಾರಿಯೆಂದರೆ, ಒಂದೊಂದು ಸಲಕ್ಕೆ ಬೇಕಾದಷ್ಟು ಪುಡಿಯನ್ನು ಅಳೆದು ಒಣಗಿದ, ಶುಚಿಯಾದ ಪುಟ್ಟ ಡಬ್ಬಿಗಳಲ್ಲಿ ಹಾಕಿಕೊಂಡು, ಆಗಷ್ಟೇ ಕುದಿಸಿದ ನೀರನ್ನು ಒಳ್ಳೆಯ ಫ್ಲಾಸ್ಕಿನಲ್ಲಿ ತುಂಬಿಕೊಂಡು, ಕೊಡುವ ಹೊತ್ತಿಗೆ ಬೆರೆಸುವುದು. ಬೆರೆಸಿದ ಬಾಟಲಿಯ ಮುಚ್ಚಳ ಬಿಗಿದು, ತಣ್ಣೀರಿನ ಪಾತ್ರೆಯಲ್ಲಿ ಹಿಡಿದು ತಣಿಸಿ, ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ಬಿಸಿ ನೋಡಿ. ಬೆರೆಸಿದ ಹಾಲನ್ನು 2 ಗಂಟೆಯೊಳಗೆ, ಮಗು ಕುಡಿಯಲು ಆರಂಭಿಸಿದ ಮೇಲೆ 1 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಮತ್ತೆ ಬಿಸಿಮಾಡಿ ಕೊಡಬಾರದು. ಫ್ಲಾಸ್ಕನ್ನು ಮಗುವಿಗೆ ಎಟುಕದ ಬದಿಯ ಜೇಬಿನಲ್ಲಿ ನೆಟ್ಟಗೆ ನಿಲ್ಲಿಸಿ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿನೀರು ಬಗ್ಗಿಸುವ ಸಾಹಸ ಬೇಡ. ಬೆರೆಸದೆ ನೇರವಾಗಿ ಕೊಡಬಹುದಾದ ದ್ರವರೂಪದ ಫಾರ್ಮುಲಾ ಸಿಗುವ ಕಡೆ ಪ್ರಯಾಣಕ್ಕೆ ಅದೇ ಸಲೀಸು.

ಘನ ಆಹಾರ ಆರಂಭಿಸಿದ ಮಗುವಿಗೆ, ಮನೆಯಲ್ಲಿ ಈಗಾಗಲೇ ತಿಂದು ಒಗ್ಗಿರುವುದನ್ನೇ ಒಯ್ಯಿರಿ. ಹೊಸ ಆಹಾರದ ಮೊದಲ ತುತ್ತು ಮನೆಯಲ್ಲೇ ಆಗಲಿ, ಅಲರ್ಜಿ ಕಾಣಿಸಿದರೆ ದಾರಿಯಲ್ಲಿ ನಿಭಾಯಿಸುವುದು ಕಷ್ಟ. ಮೆತ್ತನೆಯ ಚಮಚ, ಬಿಗಿ ಮುಚ್ಚಳದ ಡಬ್ಬಿ, ಜೊಲ್ಲುಬಟ್ಟೆ ಎರಡು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ಯಾವ ರೂಪದಲ್ಲೂ ಕೊಡಬಾರದು, ಅದರಿಂದ ಬಾಟುಲಿಸಂ ಎಂಬ ಗಂಭೀರ ಕಾಯಿಲೆ ಬರುವ ಅಪಾಯವಿದೆ.

ಆರನೆಯ ಹೆಜ್ಜೆ: ಉಡುಪು

ಮಗುವಿಗೆ ಮೇಲಿಂದ ಕೆಳಗಿನವರೆಗೆ ಪೂರ್ತಿ ಒಂದು ಜೊತೆ, ಎಳೆಗೂಸಾದರೆ ಎರಡು ಜೊತೆ, ಒಂದು ಕುಲಾವಿ, ಕಾಲುಚೀಲ, ತೆಳುವಾದ ಹತ್ತಿ ಹೊದಿಕೆ. ಪ್ರತಿ ಜೊತೆಯನ್ನೂ ಬಿಡಿಬಿಡಿಯಾಗಿ ಇಡದೆ ಒಟ್ಟಿಗೆ ಸುತ್ತಿ ಒಂದು ಚೀಲದಲ್ಲಿಡಿ. ಎತ್ತಿಕೊಂಡವರಿಗೂ ಒಂದು ಅಂಗಿ ಇರಲಿ, ಏಕೆಂದರೆ ಡೈಪರ್ ಸೋರಿದಾಗ ಒದ್ದೆಯಾಗುವುದು ಮಗು ಒಂದೇ ಅಲ್ಲ.

ನನ್ನ ಅನುಭವದಲ್ಲಿ ಅತಿ ಹೆಚ್ಚು ನೋಯಿಸಿದ ತಪ್ಪು ಈ ಚೀಲದಲ್ಲೇ ಆದದ್ದು. ತಿಂಗಳುಗಟ್ಟಲೆ ಬೇಕಾಗದೆ ಉಳಿದಿದ್ದ ಬದಲಿ ಉಡುಪನ್ನು ಒಂದು ಚಳಿಯ ಸಂಜೆ ಹೊರತೆಗೆದರೆ, ಅದು ಮಗುವಿನ ಮೊಣಕಾಲನ್ನೂ ದಾಟಲಿಲ್ಲ. ಒದ್ದೆ ಬಟ್ಟೆ ಕಳಚಿದ ಮಗುವನ್ನು ನನ್ನ ಹೊದಿಕೆಯಲ್ಲಿ ಸುತ್ತಿ ಎದೆಗವಚಿಕೊಂಡು ಮನೆಗೆ ತಂದೆ. ಅಂದಿನಿಂದ ಪ್ರತಿ ತಿಂಗಳ ಮೊದಲ ದಿನ ಬದಲಿ ಉಡುಪಿನ ಅಳತೆಯನ್ನೂ ಡೈಪರಿನ ಅಳತೆಯನ್ನೂ ನೋಡುವುದನ್ನು ತಪ್ಪಿಸಿಲ್ಲ.

ಏಳನೆಯ ಹೆಜ್ಜೆ: ಔಷಧಿ, ಮತ್ತು ಒಳಗಿರಬಾರದ ವಸ್ತುಗಳು

ವೈದ್ಯರು ಸೂಚಿಸಿದ ಜ್ವರದ ಔಷಧಿ ಇದ್ದರೆ ಅದನ್ನು ಅಳತೆಯ ಸಿರಿಂಜಿನ ಜೊತೆಗೇ ಇಡಿ, ಮಗುವಿನ ಈಗಿನ ತೂಕಕ್ಕೆ ಎಷ್ಟು ಮಿಲಿಲೀಟರ್ ಎಂಬುದನ್ನು ವೈದ್ಯರಿಂದ ಕೇಳಿ ಚೀಟಿಯಲ್ಲಿ ಬರೆದು ಅಂಟಿಸಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೆ ನಾವೇ ಔಷಧಿ ಕೊಡದೆ ಕೂಡಲೇ ವೈದ್ಯರ ಬಳಿ ಕರೆದೊಯ್ಯಬೇಕು, ಆದ್ದರಿಂದ ಆ ವಯಸ್ಸಿನಲ್ಲಿ ಔಷಧಿಗಿಂತ ಜ್ವರಮಾಪಕವೇ ಹೆಚ್ಚು ಉಪಯುಕ್ತ. ಮಗುವಿಗಿರುವ ಅಲರ್ಜಿ, ಲಸಿಕೆಯ ವಿವರ, ವೈದ್ಯರ ದೂರವಾಣಿ ಸಂಖ್ಯೆ ಇವುಗಳ ಒಂದು ಪ್ರತಿಯೂ ಇರಲಿ.

ಆರು ತಿಂಗಳೊಳಗೆ ಬಿಸಿಲಿನಿಂದ ಕಾಪಾಡಲು ಸನ್‌ಸ್ಕ್ರೀನಿಗಿಂತ ನೆರಳು, ಟೋಪಿ, ತೋಳು ಮುಚ್ಚುವ ತೆಳು ಅಂಗಿಯೇ ಸೂಕ್ತ. ಆದರೆ ಗಾಡಿಯ ಮೇಲೆ ಬಟ್ಟೆಯನ್ನು ಪೂರ್ತಿ ಹೊದಿಸಬೇಡಿ, ಗಾಳಿಯಾಡದೆ ಒಳಗಿನ ಶಾಖ ಬೇಗ ಏರುತ್ತದೆ.

ಹಲವರು ತಮ್ಮ ಕೈಚೀಲದ ಸಾಮಾನನ್ನೂ ಇದಕ್ಕೇ ಸುರಿಯುತ್ತಾರೆ. ನಾಣ್ಯ, ಪಿನ್ನು, ದೊಡ್ಡವರ ಮಾತ್ರೆ, ಬಿಲ್ಲೆಯಂಥ ಚಿಕ್ಕ ಬ್ಯಾಟರಿ ಇರುವ ಕೀಲಿ ಅಥವಾ ಆಟಿಕೆ, ಇವು ಯಾವುವೂ ಮಗು ಕೈಹಾಕಬಹುದಾದ ಜೇಬಿನಲ್ಲಿ ಇರಬಾರದು. ನುಂಗಿದ ಬಿಲ್ಲೆ ಬ್ಯಾಟರಿ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಹಣ, ಫೋನು, ಕೀಲಿಗಳಿಗೆ ಹೊರಗಿನ ಒಂದು ಜಿಪ್ ಜೇಬನ್ನು ಮೀಸಲಿಟ್ಟು ಅದನ್ನು ಯಾವಾಗಲೂ ಮುಚ್ಚಿಡಿ.

ಎಂಟನೆಯ ಹೆಜ್ಜೆ: ಎಲ್ಲಿ ಏನು

ಭಾರವಾದ ಹಾಲಿನ ಚೀಲ ಬೆನ್ನಿಗೆ ತಾಗುವ ಕಡೆ, ತಳದಲ್ಲಿ. ಅದರ ಮುಂದೆ ಉಡುಪಿನ ಚೀಲ. ಎಲ್ಲಕ್ಕಿಂತ ಮೇಲೆ, ಬಾಯಿ ತೆರೆದೊಡನೆ ಕೈಗೆ ಸಿಗುವಂತೆ ಡೈಪರ್ ಬದಲಿಸುವ ಚೀಲ. ಹೊರಗಿನ ಜೇಬುಗಳಲ್ಲಿ ತೇಗುಬಟ್ಟೆ, ಇನ್ನೊಂದು ಚಿಕ್ಕ ಪೊಟ್ಟಣ ವೈಪ್ಸ್, ಮಗುವಿಗೆ ಪ್ರಿಯವಾದ ಒಂದೇ ಒಂದು ಆಟಿಕೆ. ಕೊಳೆಬಟ್ಟೆಯ ಚೀಲವನ್ನು ಆಹಾರದಿಂದ ಆದಷ್ಟು ದೂರದ ಜೇಬಿನಲ್ಲಿಡಿ. ಈ ಜಾಗಗಳನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಬದಲಿಸಬೇಡಿ, ಮತ್ತು ಮಗುವನ್ನು ನೋಡಿಕೊಳ್ಳುವ ಮನೆಯವರೆಲ್ಲರಿಗೂ ತೋರಿಸಿಕೊಡಿ. ಅಜ್ಜಿ ಒಬ್ಬರೇ ಮಗುವನ್ನು ಕರೆದೊಯ್ದ ದಿನ ಮುಲಾಮು ಎಲ್ಲಿದೆಯೆಂದು ಫೋನು ಮಾಡಿ ಕೇಳುವಂತಾಗಬಾರದು.

ಒಂದು ಗಂಟೆಯ ಓಡಾಟಕ್ಕೆ ಡೈಪರ್ ಬದಲಿಸುವ ಚೀಲ ಒಂದೇ ಸಾಕು, ಇಡೀ ಬ್ಯಾಗ್ ಬೇಕಿಲ್ಲ. ಪೂರ್ತಿ ದಿನಕ್ಕಾದರೆ ಮೇಲೆ ಹೇಳಿದ್ದೆಲ್ಲವೂ ಬೇಕು. ರಾತ್ರಿ ಉಳಿಯುವ ಪ್ರಯಾಣಕ್ಕೆ ಹೆಚ್ಚಿನ ಡೈಪರ್ ಮತ್ತು ಬಟ್ಟೆಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಡೈಪರ್ ಬ್ಯಾಗನ್ನು ದಿನದ ಅಳತೆಯಲ್ಲೇ ಉಳಿಸಿಕೊಳ್ಳಿ. ವಿಮಾನದಲ್ಲಿ ಹೋಗುವವರು ಹಾಲು, ಔಷಧಿಗಳನ್ನು ತಪಾಸಣೆಗೆ ಸುಲಭವಾಗಿ ತೆಗೆಯುವಂತೆ ಒಂದೇ ಚೀಲದಲ್ಲಿಟ್ಟುಕೊಳ್ಳಲಿ. ದ್ರವಗಳಿಗೆ 100 ಮಿಲಿಲೀಟರ್ ಮಿತಿಯಿರುವ ಅನೇಕ ವಿಮಾನ ನಿಲ್ದಾಣಗಳಲ್ಲಿ ಮಗುವಿನ ಹಾಲಿಗೆ ವಿನಾಯಿತಿಯಿದೆ, ಆದರೂ ಹೊರಡುವ ಮೊದಲು ವಿಮಾನ ಸಂಸ್ಥೆಯನ್ನು ಕೇಳಿಕೊಳ್ಳುವುದು ಕ್ಷೇಮ.

ಕೊನೆಯ ಹೆಜ್ಜೆ: ಮನೆಗೆ ಮರಳಿದ ಕೂಡಲೇ

ಬ್ಯಾಗ್ ತುಂಬಲು ಸರಿಯಾದ ಹೊತ್ತು ಹೊರಡುವ ಮೊದಲಿನ ಗಡಿಬಿಡಿಯಲ್ಲ, ಮರಳಿ ಬಂದ ಸಂಜೆ. ಯಾವುದು ಖರ್ಚಾಯಿತು ಎಂಬುದು ಆಗ ನೆನಪಿನಲ್ಲಿರುತ್ತದೆ. ಮೊದಲು ಬಾಟಲಿಗಳನ್ನೂ ಕೊಳೆಬಟ್ಟೆಯ ಚೀಲವನ್ನೂ ಹೊರತೆಗೆಯಿರಿ, ಬ್ಯಾಗಿನೊಳಗೆ ರಾತ್ರಿಯಿಡೀ ಉಳಿದ ಹಾಲಿನ ಬಾಟಲಿಯನ್ನು ಆಮೇಲೆ ಶುಚಿಗೊಳಿಸುವುದು ಬಲು ಕಷ್ಟ. ಚಾಪೆಯ ಎರಡೂ ಬದಿಗಳನ್ನು ಸೋಪುನೀರಿನಲ್ಲಿ ಒರೆಸಿ ಒಣಹಾಕಿ, ಬಳಸಿದಷ್ಟೇ ಡೈಪರುಗಳನ್ನು ಮತ್ತೆ ಸೇರಿಸಿ, ಐಸ್ ಪ್ಯಾಕನ್ನು ಫ್ರೀಜರಿಗೆ ಹಾಕಿ. ಹಾಲು, ನೀರು, ಆಹಾರಗಳನ್ನು ಮಾತ್ರ ಹೊರಡುವ ಹೊತ್ತಿಗೇ ತುಂಬಬೇಕು. ಈ ಮೂರರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯೊಂದನ್ನು ಬ್ಯಾಗಿನ ಹಿಡಿಕೆಗೆ ಕಟ್ಟಿ, ಬ್ಯಾಗನ್ನು ಬಾಗಿಲ ಬಳಿಯ ಮೊಳೆಗೆ ತೂಗುಹಾಕಿ.